ಯಂತ್ರದ ಮಾತು ಯಾವಾಗ ಪ್ರಮಾಣ?

ಮಳೆಗಾಲದಲ್ಲಿ ಕೊಡಗಿಗೆ ರೆಡ್ ಅಲರ್ಟ್ ಎಂದರೆ ಶಾಲೆಗಳಿಗೆ ರಜೆ ಸಿಗುವುದುಂಟು, ಗುಡ್ಡದ ಬುಡದ ಕುಟುಂಬಗಳು ದನಕರು ಬಿಟ್ಟು ಪರಿಹಾರ ಕೇಂದ್ರಕ್ಕೆ ಹೊರಡಬೇಕಾಗಿ ಬರುವುದುಂಟು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಸುತ್ತ, ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದ ಮೇಲೆ ಈ ಎಚ್ಚರಿಕೆಯನ್ನು ಹಗುರವಾಗಿ ಕೇಳುವಂತಿಲ್ಲ. ಆದರೆ ಎಚ್ಚರಿಕೆ ಬರುವ ಹೊತ್ತಿಗೆ ಮಳೆಯೇ ಬಿದ್ದಿರುವುದಿಲ್ಲ. ಜನ ಮನೆ ಬಿಡುವುದು ಕಣ್ಣಾರೆ ಕಂಡದ್ದರಿಂದಲ್ಲ, ಒಂದು ಮಾತನ್ನು ನಂಬಿ. ಆ ಮಾತಿನ ಹಿಂದೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಂಥ ಕಡೆ ಕೆಲಸ ಮಾಡುವ ಸೂಪರ್‌ಕಂಪ್ಯೂಟರುಗಳಿವೆ. 2018ರಲ್ಲಿ ಅಲ್ಲಿ ಪ್ರತ್ಯೂಷ್, 2024ರಲ್ಲಿ ಅರ್ಕ ಬಂದವು. ಮುನ್ಸೂಚನೆಯ ಮಾದರಿ ನೆಲವನ್ನು ಚೌಕಗಳಾಗಿ ಹೋಳು ಮಾಡಿ ಲೆಕ್ಕ ಹಾಕುತ್ತದೆ. 12 ಕಿಲೋಮೀಟರ್ ಚೌಕಗಳಲ್ಲಿ ಲೆಕ್ಕ ಹಾಕಿದಾಗ 4,102 ಚದರ ಕಿಲೋಮೀಟರಿನ ಕೊಡಗು ಸುಮಾರು 28 ಚೌಕಗಳಲ್ಲಿ ಮುಗಿದುಹೋಗುತ್ತಿತ್ತು. 2025ರ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ 6 ಕಿಲೋಮೀಟರ್ ಚೌಕಗಳಲ್ಲಿ ಅದು ನೂರಕ್ಕೂ ಹೆಚ್ಚಾಗುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.

ಇನ್ನೊಬ್ಬರ ಮಾತಿನಿಂದ ಹುಟ್ಟುವ ತಿಳಿವನ್ನು ನಮ್ಮ ದರ್ಶನಗಳು ಶಬ್ದಪ್ರಮಾಣ ಎಂದವು. ನ್ಯಾಯದರ್ಶನದ ಪ್ರಕಾರ ಆಪ್ತನ ಮಾತು ಪ್ರಮಾಣ: ವಿಷಯವನ್ನು ತಿಳಿದವನು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಬಯಸುವವನು ಆಪ್ತ. ಅಂಥವನು ಋಷಿಯಾದರೂ ಆಗಬಹುದು, ಮ್ಲೇಚ್ಛನಾದರೂ ಆಗಬಹುದು ಎಂದು ಭಾಷ್ಯಕಾರ ವಾತ್ಸ್ಯಾಯನ ಒಪ್ಪಿದ್ದಾನೆ. ಆ ಔದಾರ್ಯ ದೊಡ್ಡದು. ಆದರೆ ಯಂತ್ರಕ್ಕೆ ಹೇಳುವ ಬಯಕೆಯೇ ಇಲ್ಲ, ಸತ್ಯದ ಮೇಲೆ ಒಲವೂ ಇಲ್ಲ. ಹಾಗಾದರೆ ಅದರ ಮಾತಿನಲ್ಲಿ ಆಪ್ತತ್ವ ಎಲ್ಲಿದೆ? ಆ ಲೆಕ್ಕಕ್ಕೆ ಬೇಕಾದ ಸಾಫ್ಟ್‌ವೇರನ್ನು ಜೋಡಿಸಿ, ಏನನ್ನು ಹೇಗೆ ಜೋಡಿಸಿದೆವು ಎಂದು ಬರೆದಿಡುವವರ ಶಿಸ್ತಿನಲ್ಲಿದೆ ಎಂಬುದು ನನ್ನ ವಾದ.

ಇದು ಅಡ್ಮಿನ್‌ಗಳ ಗುಮಾಸ್ತಿಕೆಯ ವಿಷಯ, ಧರ್ಮಜಿಜ್ಞಾಸೆಗೆ ಇಲ್ಲೇನು ಕೆಲಸ ಎನಿಸಬಹುದು. ಹತ್ತಿರದಿಂದ ನೋಡೋಣ. ಹವಾಮಾನದ ಮಾದರಿ ಒಂಟಿಯಾಗಿ ಓಡುವುದಿಲ್ಲ. ಅದಕ್ಕೆ ಫೋರ್ಟ್ರಾನ್ ಕಂಪೈಲರ್ ಬೇಕು, ಸಾವಿರಾರು ಪ್ರೊಸೆಸರುಗಳು ಪರಸ್ಪರ ಮಾತಾಡಲು ಎಂಪಿಐ ಬೇಕು, ಅಂಕಿಅಂಶ ಬರೆದಿಡಲು ನೆಟ್‌ಸಿಡಿಎಫ್ ಬೇಕು, ಅದರ ಅಡಿಗೆ ಎಚ್‌ಡಿಎಫ್5 ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಯಂತ್ರವನ್ನು ಹವಾಮಾನದವರು, ರಸಾಯನಶಾಸ್ತ್ರದವರು, ಜೀವವಿಜ್ಞಾನಿಗಳು ಎಲ್ಲರೂ ಹಂಚಿಕೊಂಡು ಬಳಸುತ್ತಾರೆ. ಒಬ್ಬರಿಗೆ ಹಳೆಯ ಆವೃತ್ತಿಯೇ ಬೇಕು, ಇನ್ನೊಬ್ಬರಿಗೆ ಹೊಸದಿಲ್ಲದೆ ಆಗದು. ಹಳೆಯದರ ಮೇಲೆ ಹೊಸದನ್ನು ಹಾಕಿಬಿಟ್ಟರೆ ಯಾರದೋ ಲೆಕ್ಕ ಅವರಿಗೇ ತಿಳಿಯದಂತೆ ಬದಲಾಗುತ್ತದೆ. ಅದಕ್ಕೇ 1991ರಲ್ಲಿ ಮಾಡ್ಯೂಲ್ಸ್ ಎಂಬ ವ್ಯವಸ್ಥೆ ಬಂತು: ಎಲ್ಲ ಆವೃತ್ತಿಗಳೂ ಪಕ್ಕಪಕ್ಕದಲ್ಲಿರುತ್ತವೆ, ಬಳಸುವವರು ‘ಮಾಡ್ಯೂಲ್ ಲೋಡ್’ ಎಂದು ತಮಗೆ ಬೇಕಾದ್ದನ್ನು ಕರೆದುಕೊಳ್ಳುತ್ತಾರೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಈಸಿಬಿಲ್ಡ್, ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಸ್ಪ್ಯಾಕ್ ಆಮೇಲೆ ಬಂದವು. ಸ್ಪ್ಯಾಕ್ ಮಾಡುವ ಕೆಲಸ ನೋಡಿ: ಪ್ಯಾಕೇಜಿನ ಆವೃತ್ತಿ, ಕಂಪೈಲರ್, ಆಯ್ಕೆಗಳು, ಅದು ನೆಚ್ಚಿಕೊಂಡ ಪ್ಯಾಕೇಜುಗಳು, ಅವು ನೆಚ್ಚಿಕೊಂಡವು, ಎಲ್ಲವನ್ನೂ ಸೇರಿಸಿ ಬೆರಳಚ್ಚಿನಂಥ ಒಂದು ಗುರುತು, ಅಂದರೆ ಹ್ಯಾಶ್ ಮಾಡಿ, ಆ ಹೆಸರಿನ ಪ್ರತ್ಯೇಕ ಜಾಗದಲ್ಲಿ ಅದನ್ನು ಕೂರಿಸುತ್ತದೆ. ಬೇರಿನಲ್ಲಿ ಒಂದು ಆಯ್ಕೆ ಬದಲಾದರೂ ತುದಿಯ ಹೆಸರು ಬೇರೆಯಾಗುತ್ತದೆ.

ಇಷ್ಟು ಸೂಕ್ಷ್ಮ ಯಾಕೆ, ವ್ಯತ್ಯಾಸ ಬರುವುದು ಎಲ್ಲೋ ಕೊನೆಯ ದಶಾಂಶದಲ್ಲಲ್ಲವೇ ಎಂದು ಕೇಳಬಹುದು. ಕಂಪ್ಯೂಟರ್ ದಶಾಂಶಗಳನ್ನು ಕೂಡಿಸುವಾಗ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿ ಬದಲಾಗಬಹುದು. ಕಂಪೈಲರ್ ಬದಲಾದರೆ ಆ ಕ್ರಮವೂ ಬದಲಾಗಬಹುದು. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 0.506127 ಎಂಬುದರ ಬದಲು 0.506 ಎಂದು ಕೊಟ್ಟಾಗ ಅವರ ಮಾದರಿಯ ಹವೆ ಕೆಲವೇ ತಿಂಗಳ ಲೆಕ್ಕದಲ್ಲಿ ಗುರುತು ಸಿಗದಷ್ಟು ಬೇರೆಯಾಗಿತ್ತು. ಬರೆಯದ ಬದಲಾವಣೆಯ ಅಪಾಯ ಯಂತ್ರಕ್ಕಷ್ಟೇ ಅಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಮಾಪಕವನ್ನು ಬಯಲಿನಿಂದ ಸಿಲ್ವರ್ ಓಕ್ ಮರದಡಿಗೆ ಸರಿಸಿ, ಸರಿಸಿದ್ದನ್ನು ಬರೆಯದಿದ್ದರೆ ಮುಂದಿನ ಸರಾಸರಿಗಳೆಲ್ಲ ಸುಳ್ಳಾಗುತ್ತವೆ, ಬರೆದವರು ಸತ್ಯವಂತರೇ ಆಗಿದ್ದರೂ.

ಹೀಗೆ ಆಧಾರ ಬರೆದಿಡಬೇಕೆಂಬುದಕ್ಕೆ ಗಟ್ಟಿಯಾದ ಆಕ್ಷೇಪ ಇನ್ನೊಂದು ದರ್ಶನದವರಾದ ಮೀಮಾಂಸಕರ ಕಡೆಯಿಂದ ಬರುತ್ತದೆ. ಜ್ಞಾನ ಸ್ವತಃಪ್ರಮಾಣ, ದೋಷ ಕಾಣುವವರೆಗೆ ಅದು ನಿಜವೇ. ಹೊರಗಿನ ಆಧಾರವನ್ನು ಹುಡುಕುತ್ತ ಹೋದರೆ ಆ ಆಧಾರಕ್ಕೆ ಇನ್ನೊಂದು ಆಧಾರ ಬೇಕಾಗಿ ಕೊನೆಯೇ ಇರುವುದಿಲ್ಲ. ಗುಡ್ಡದ ಬುಡದಲ್ಲಿರುವವರ ಮಟ್ಟಿಗೆ ಇದು ಪೂರ್ತಿ ಸರಿ. ಅವರು ಹ್ಯಾಶ್ ಕೇಳುತ್ತ ಕೂರಬಾರದು, ಹೊರಡಬೇಕು. ಆದರೆ ಅವರ ಈ ನಿಶ್ಚಿಂತೆಯ ಹೊಣೆ ಹೊರುವವರು ನೈಯಾಯಿಕರಂತೆ ಇರಲೇಬೇಕು. ನ್ಯಾಯದವರ ಉತ್ತರ ಪ್ರವೃತ್ತಿಸಾಮರ್ಥ್ಯ: ನಂಬಿ ನಡೆದಾಗ ಫಲ ಸಿಕ್ಕರೆ ಆ ತಿಳಿವು ನಿಜ. ಮಳೆಯೇ ಬಂದು ಪರೀಕ್ಷಿಸಲಿ ಎನ್ನುವವರು ಇದನ್ನೇ ಹಿಡಿಯುತ್ತಾರೆ. ಇಲ್ಲಿ ನನಗೆ ನ್ಯಾಯವೂ ಸಾಲದೆನಿಸುತ್ತದೆ. ಮುನ್ಸೂಚನೆ ಸಂಭವದ ಮಾತು. ಒಂದು ದಿನದ ಮಳೆ ಅದನ್ನು ಸಾಧಿಸುವುದೂ ಇಲ್ಲ, ಮುರಿಯುವುದೂ ಇಲ್ಲ. ಅದು ಮತ್ತೆ ಮತ್ತೆ ತಪ್ಪಿದಾಗ ತಪ್ಪು ಮಾದರಿಯದೋ, ಅಳತೆಯದೋ, ಯಾವುದೋ ಲೈಬ್ರರಿಯದೋ ಎಂದು ಹುಡುಕಲು ಏನನ್ನು ಹೇಗೆ ಜೋಡಿಸಿದೆವು ಎಂಬ ಪಟ್ಟಿ ಬೇಕೇ ಬೇಕು. ಫಲ ನೋಡುವುದರ ಜೊತೆಗೆ ಹಿಂದಿರುಗಿ ಪ್ರಶ್ನಿಸಲು ದಾರಿಯೂ ಇರುವ ಮಾತನ್ನೇ ಈ ಕಾಲದ ಆಪ್ತವಾಕ್ಯ ಎನ್ನಬೇಕು.

ಬೇಕಾದ ಸಾಫ್ಟ್‌ವೇರನ್ನೆಲ್ಲ ಕಂಟೇನರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿ ಇಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅದು ಉಪಯುಕ್ತ, ಆದರೆ ಒಳಗೆ ಏನಿದೆ, ಯಾಕಿದೆ ಎಂದು ಬರೆಯದ ಪೆಟ್ಟಿಗೆ ಫಲಿತಾಂಶವನ್ನು ಮರಳಿ ಕೊಟ್ಟೀತೇ ಹೊರತು ಕಾರಣವನ್ನಲ್ಲ. ಹಳೆಯ ಆವೃತ್ತಿಗಳನ್ನೆಲ್ಲ ಇಡಲು ಡಿಸ್ಕ್ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಟ್ಟಿದ್ದನ್ನು ಬೇಕಾದರೆ ಅಳಿಸಲಿ, ಆದರೆ ಕಟ್ಟುವ ವಿಧಾನ ಮತ್ತು ಪಟ್ಟಿ ಬರೀ ಪಠ್ಯ, ಹವಾಮಾನದ ದತ್ತಾಂಶದ ಮುಂದೆ ಅದರ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಎಚ್ಚರಿಕೆಯ ಜೊತೆ ಆ ಪಟ್ಟಿಯೂ ಸಾರ್ವಜನಿಕ ಕಡತಕ್ಕೆ ಸೇರಲಿ. ಹತ್ತು ವರ್ಷ ಕಳೆದ ಮೇಲೂ ಮಡಿಕೇರಿಯ ಒಬ್ಬ ವಿದ್ಯಾರ್ಥಿ ಆ ದಿನ ಕೊಡಗಿನ ಬಗ್ಗೆ ಏನನ್ನು, ಯಾವ ಆಧಾರದ ಮೇಲೆ ಹೇಳಿದ್ದರು ಎಂದು ಕೇಳಿದರೆ, ಅದೇ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲು ಬರಬೇಕು.