ಕಾಯುವ ಕೈ, ಕಸಿಯುವ ಕೈ

ಇಳಕಲ್ಲಿನ ಸೀರೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ನೇಕಾರನು ಎರಡನ್ನೂ ಒಂದಾಗಿಸುತ್ತಾನೆ. ಅದೇ ನೋಟದ ಸೀರೆಯನ್ನು ವಿದ್ಯುತ್ ಮಗ್ಗವು ಬೇಗನೆ, ಅಗ್ಗವಾಗಿ ನೇಯಬಲ್ಲದು. ಕೈಮಗ್ಗವನ್ನು ಉಳಿಸಲೆಂದೇ 1985ರಲ್ಲಿ ಮೀಸಲಾತಿ ಕಾಯ್ದೆ ಬಂದಿತು. ಅದರಡಿ 22 ಬಗೆಯ ಬಟ್ಟೆಗಳು ಕೈಮಗ್ಗಕ್ಕೆ ಮಾತ್ರ ಮೀಸಲಾದವು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯನ್ನು ಎತ್ತಿಹಿಡಿಯಿತು. 1996ರಲ್ಲಿ ಪಟ್ಟಿಯು 11ಕ್ಕೆ ಇಳಿದರೂ ಸೀರೆಯು ಅದರಲ್ಲಿ ಉಳಿಯಿತು.

ಕಾಯ್ದೆಯ ಉದ್ದೇಶವನ್ನು ನಾವು ಮೆಚ್ಚುತ್ತೇವೆ. ಆದರೆ ವಿದ್ಯುತ್ ಮಗ್ಗದವನೂ ಸಾಲ ಮಾಡಿ ಸಂಸಾರ ಸಾಕುವವನಲ್ಲವೇ? ತನ್ನ ಯಂತ್ರದಲ್ಲಿ ಸೀರೆ ನೇಯ್ದದ್ದೇ ಅವನ ಅಪರಾಧವಾಗಬೇಕೇ? ಕಡಿಮೆ ಬೆಲೆಗೆ ಸೀರೆ ಕೊಳ್ಳಬಯಸುವ ಬಡ ತಾಯಿಗೆ ಆ ಆಯ್ಕೆ ಇರಬಾರದೇ?

ವ್ಯಕ್ತಿಸ್ವಾತಂತ್ರ್ಯವಾದಿಗಳು ಕೇಳುವುದು ಇದನ್ನೇ. ಬಲಪ್ರಯೋಗ, ಕಳವು, ವಂಚನೆಗಳಿಂದ ಪ್ರಜೆಯನ್ನು ಕಾಯುವುದು, ಮಾಡಿಕೊಂಡ ಒಪ್ಪಂದಗಳನ್ನು ಜಾರಿಗೊಳಿಸುವುದು, ಇಷ್ಟೇ ಸರ್ಕಾರದ ನ್ಯಾಯವಾದ ಕೆಲಸವೆಂದು ಅಮೆರಿಕದ ತತ್ತ್ವಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ವಾದಿಸಿದರು. ನಮ್ಮಲ್ಲಿ ಲೈಸೆನ್ಸು, ಪರ್ಮಿಟ್ಟುಗಳ ಆಡಳಿತವನ್ನು ವಿರೋಧಿಸಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು.

ಈಗ ಇಳಕಲ್ಲಿನಿಂದ ಬಾಗಲಕೋಟೆಗೆ ಬನ್ನಿ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗವು ಮುಳುಗಿತು. ತಲೆಮಾರುಗಳಿಂದ ಅಲ್ಲಿ ಬಾಳಿದವರು ನವನಗರಕ್ಕೆ ಹೋದರು. ಆಗ ಭೂಮಿಯನ್ನು ಪಡೆದುಕೊಳ್ಳುತ್ತಿದ್ದುದು 1894ರ ಬ್ರಿಟಿಷ್ ಕಾಯ್ದೆಯಡಿ. ಅದರಲ್ಲಿ ಪರಿಹಾರಕ್ಕೆ ಅವಕಾಶವಿತ್ತು. 'ಒಲ್ಲೆ' ಎನ್ನುವ ಹಕ್ಕು ಇರಲಿಲ್ಲ. 1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಿಂದಲೇ ಹೊರಬಿದ್ದಿತ್ತು. 2013ರ ಹೊಸ ಕಾಯ್ದೆಯು ಖಾಸಗಿ ಕಂಪನಿಗಳ ಯೋಜನೆಗೆ ಶೇ. 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆಯನ್ನು ಕೇಳುತ್ತದೆ. ಸರ್ಕಾರವು ತಾನೇ ಕಟ್ಟುವ ಅಣೆಕಟ್ಟಿಗೆ ಅಂಥ ಒಪ್ಪಿಗೆಯು ಕಡ್ಡಾಯವಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿಯು ಸಮ್ಮತಿಸಿದ್ದರಿಂದ ಈ ಪ್ರಶ್ನೆಯು ಹಳತಾಗಿಲ್ಲ.

ಇಳಕಲ್ಲಿನಲ್ಲಿ ನೇಕಾರನನ್ನು ಕಾಯುವ ಕೈಯೂ ಬಾಗಲಕೋಟೆಯಲ್ಲಿ ಮನೆಯನ್ನು ಕಸಿಯುವ ಕೈಯೂ ಒಂದೇ. ನಮಗೆ ಅನುಕೂಲವಾದಾಗ ಅದಕ್ಕೆ ಬಲ ತುಂಬಿ, ನಮ್ಮ ಹೊಲಕ್ಕೆ ಬಂದಾಗ ಮಾತ್ರ ಅನ್ಯಾಯವೆನ್ನುವುದು ಪ್ರಾಮಾಣಿಕತೆಯಲ್ಲ.

ಹಾಗೆಂದು ಆ ಕೈಯನ್ನೇ ಕಟ್ಟಿಹಾಕಬಹುದೇ? ಒಬ್ಬನು ಒಲ್ಲೆನೆಂದರೆ ರಾಯಚೂರು, ಯಾದಗಿರಿಗಳ ಬರದ ಹೊಲಗಳಿಗೆ ನೀರು ಹರಿಯದು. ಹಸಿದವನು ಮಾಡಿಕೊಂಡ ಒಪ್ಪಂದವನ್ನು ಪೂರ್ತಿ ಸ್ವತಂತ್ರವೆನ್ನುವುದೂ ಕಷ್ಟ. ನಾಳೆಯ ರೊಟ್ಟಿಗಾಗಿ ಇಂದು ಸಿಕ್ಕಷ್ಟಕ್ಕೆ ಸೀರೆ ಮಾರುವ ನೇಕಾರನು ಬೆಲೆಯನ್ನು ಚೌಕಾಸಿ ಮಾಡಲಾರ. ಸ್ವಾತಂತ್ರ್ಯವಾದವು ಇಲ್ಲಿ ಮುಗ್ಗರಿಸುತ್ತದೆ.

ಆದರೂ ಅದು ನಮಗೆ ಕಲಿಸುವ ಪಾಠವೊಂದಿದೆ. ಸರ್ಕಾರವು ಬಲವನ್ನು ಬಳಸುವಾಗಲೆಲ್ಲ ಕಾರಣ ಹೇಳುವ ಹೊಣೆ ಅದರದೇ, ಬಲಿಯಾಗುವವನದಲ್ಲ. ಸಾವಿರಾರು ಜನರ ಒಳಿತಿಗಾಗಿ ಒಬ್ಬನ ಹೊಲವು ಬೇಕಾದರೆ, ಆ ಒಳಿತಿನಲ್ಲಿ ಅವನಿಗೂ ಪಾಲು ಸಲ್ಲಬೇಕು, ಅದೂ ತಡವಿಲ್ಲದೆ. ಒಬ್ಬನ ದುಡಿಮೆಯನ್ನು ನಿಷೇಧಿಸುವ ಮೊದಲು, ಅಷ್ಟು ಕಠಿಣವಲ್ಲದ ದಾರಿ ಇದೆಯೇ ಎಂದು ಹುಡುಕಬೇಕು.

ಸೀರೆಯ ವಿಷಯದಲ್ಲಿ ಅಂಥ ದಾರಿಯುಂಟು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2006ರಿಂದ ಕೈಮಗ್ಗದ ಬಟ್ಟೆಗೆ ಪ್ರತ್ಯೇಕ ಮುದ್ರೆಯೂ ಇದೆ. ಇವು ಯಂತ್ರವನ್ನು ನಿಲ್ಲಿಸುವುದಿಲ್ಲ, ಸುಳ್ಳನ್ನು ತಡೆಯುತ್ತವೆ. ಯಂತ್ರದ ಸೀರೆಯನ್ನು ಯಂತ್ರದ್ದೆಂದೇ ಮಾರಲಿ.

ಉಳಿದದ್ದು ನಿಮ್ಮ ನಮ್ಮ ಕೈಯಲ್ಲಿದೆ. ಮುಂದಿನ ಮದುವೆಗೆ ಇಳಕಲ್ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಕೊಳ್ಳುವಾಗ, ಬೆಲೆಗಿಂತ ಮೊದಲು ಇದನ್ನು ಯಾರು ನೇಯ್ದರೆಂದು ಅಂಗಡಿಯವರನ್ನು ಕೇಳಿ. ನ್ಯಾಯವಾದ ಬೆಲೆಯನ್ನು ನಾವೇ ಮನಸಾರೆ ಕೊಡುವುದಾದರೆ, ನೇಕಾರನನ್ನು ಉಳಿಸಲು ಕಾನೂನು ಮತ್ತೊಬ್ಬನ ಮಗ್ಗವನ್ನು ನಿಲ್ಲಿಸಬೇಕಾಗುವುದಿಲ್ಲ.