ಅರ್ಥ ಬದಲಾಗದಂತೆ

ಪ್ರೌಢಶಾಲೆಯ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಅಭ್ಯಾಸ ಬರುತ್ತದೆ: ಅರ್ಥ ಬದಲಾಗದಂತೆ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ. ಬರೀ ‘ನಾಟ್’ ಸೇರಿಸಿದರೆ ಹೇಳಿದ್ದೇ ತಲೆಕೆಳಗಾಗುತ್ತದೆ. ‘ಎವ್ರಿ ಚೈಲ್ಡ್ ಗೋಸ್ ಟು ಸ್ಕೂಲ್’ ಎಂಬುದು ‘ದೇರ್ ಈಸ್ ನೋ ಚೈಲ್ಡ್ ಹೂ ಡಸ್ ನಾಟ್ ಗೋ ಟು ಸ್ಕೂಲ್’ ಎಂದಾಗಬೇಕು. ಎರಡು ‘ಇಲ್ಲ’ ಕೂಡಿ ಒಂದು ‘ಹೌದು’. ರಾಯಚೂರಿನ ಟ್ಯೂಷನ್ ಕೋಣೆಗಳಲ್ಲಿ ಇಷ್ಟು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗುತ್ತಾರೆ.

ಆದರೆ ಅರ್ಥ ನಿಜಕ್ಕೂ ಬದಲಾಗುವುದಿಲ್ಲವೇ? ತರ್ಕಕ್ಕೆ ಎರಡೂ ಒಂದೇ, ಹೇಳುವವರ ಹೊಣೆ ಮಾತ್ರ ಬೇರೆ. ‘ಎಲ್ಲ ಮಕ್ಕಳೂ ಶಾಲೆಗೆ ಹೋಗುತ್ತಾರೆ’ ಎಂದು ಕಚೇರಿಯಲ್ಲಿ ಕೂತೇ ಬರೆದುಬಿಡಬಹುದು. ‘ಶಾಲೆಗೆ ಹೋಗದ ಮಗು ಒಂದೂ ಇಲ್ಲ’ ಎನ್ನಬೇಕಾದರೆ ಊರೆಲ್ಲ ತಿರುಗಿ ನೋಡಿರಬೇಕು. ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಹೊಲದಲ್ಲಿ ಯಾರು ಬಗ್ಗಿ ನಿಂತಿದ್ದಾರೆಂದು ನೋಡಿದವರಿಗೆ, ಗುಳೆ ಹೋದ ಮನೆಗಳಿಗೆ ಬೀಗ ಬಿದ್ದದ್ದನ್ನು ಕಂಡವರಿಗೆ ಆ ವಾಕ್ಯ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಮೊದಲ ವಾಕ್ಯ ಗುಂಪನ್ನು ನೋಡುತ್ತದೆ. ಎರಡನೆಯದು ಗುಂಪಿನಲ್ಲಿ ಕಾಣದವರನ್ನು ಹುಡುಕುತ್ತದೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಮಾಡಿದ್ದೂ ಈ ಬಗೆಯ ಹುಡುಕಾಟವನ್ನೇ. ರಾಜ್ಯ ಮುಂದುವರಿದಿದೆ ಎಂಬ ಒಟ್ಟು ಮಾತನ್ನು ಒಡೆದು, ತಾಲ್ಲೂಕು ತಾಲ್ಲೂಕಾಗಿ ಕೊರತೆಗಳನ್ನು ಎಣಿಸಿತು. ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಸಾಲಿನಲ್ಲಿ ದೇವದುರ್ಗವೂ ಇತ್ತು.

ಒಂದೇ ಮಾತನ್ನು ಹೀಗೆ ಎರಡು ಬಗೆಯಲ್ಲಿ ಹೇಳುವುದು ಭಕ್ತಿಯಲ್ಲೂ ಇದೆ. ಮಾನ್ವಿಯ ಹರಿದಾಸ ಜಗನ್ನಾಥದಾಸರು ‘ಹರಿಕಥಾಮೃತಸಾರ’ದಲ್ಲಿ ಕನ್ನಡಕ್ಕೆ ತಂದ ಮಧ್ವಸಿದ್ಧಾಂತ ದೇವರನ್ನು ಗುಣಪೂರ್ಣ ಎಂದು ಸುಮ್ಮನಾಗುವುದಿಲ್ಲ, ದೋಷವಿಲ್ಲದವನು ಎಂದೂ ಹೇಳುತ್ತದೆ. ಪೂರ್ಣ ಎಂದಮೇಲೆ ದೋಷವಿಲ್ಲ ಎಂಬುದು ತಾನಾಗಿಯೇ ಬರಲಿಲ್ಲವೇ? ನನಗೆ ತೋರುವುದು ಇಷ್ಟು: ಇರುವುದನ್ನು ಕಂಡು ಕೊಂಡಾಡುವುದು ಒಂದು ಅರಿವು, ಇರಬಾರದ್ದು ಇಲ್ಲವೆಂದು ಖಚಿತಮಾಡಿಕೊಳ್ಳುವುದು ಇನ್ನೊಂದು. ಭಕ್ತಿಗೂ ಎರಡೂ ಬೇಕಾದವು. ಆಡಳಿತಕ್ಕೆ, ಶಾಲೆಗೆ ಎರಡನೆಯದು ಇನ್ನೂ ಹೆಚ್ಚು ಬೇಕು.

ಈ ವ್ಯಾಕರಣ ಪಾಠ ಮಾಡುವ ಮಾಸ್ತರರಲ್ಲಿ ಒಂದು ಕೋರಿಕೆ. ಗೈಡಿನ ಉದಾಹರಣೆಗಳನ್ನು ಬದಿಗಿಟ್ಟು ಹಾಜರಿ ಪುಸ್ತಕ ತೆರೆಯಿರಿ. ನಿಮ್ಮ ತರಗತಿಯ ಬಗ್ಗೆಯೇ ಒಂದು ‘ಎವ್ರಿ’ ವಾಕ್ಯ ಬರೆಸಿ, ಅದನ್ನು ನಿಷೇಧಕ್ಕೆ ತಿರುಗಿಸಲು ಹೇಳಿ. ಆಗ ಯಾವ ಮಗುವಾದರೂ ತನ್ನ ಪಕ್ಕದ ಖಾಲಿ ಜಾಗ ತೋರಿಸಿ ‘ಸರ್, ಇದು ಸುಳ್ಳಾಗ್ತದ’ ಎಂದರೆ, ಆ ದಿನದ ವ್ಯಾಕರಣ ಅಲ್ಲಿಗೆ ನಿಲ್ಲಿಸಿ, ಬಾರದ ಮಗುವಿನ ಮನೆಗೆ ಹೋಗಿ ಬನ್ನಿ.