ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?

ಹುಟ್ಟು ಕೊಟ್ಟವನು ಅನ್ನವನ್ನೂ ಕೊಡುತ್ತಾನೆ, ದನದಂತೆ ಹುಲ್ಲು ತಿನ್ನಲು ಬಿಡುವುದಿಲ್ಲ ಎಂಬುದು ಈ ಗಾದೆಯ ನೇರ ಅರ್ಥ. ಬಡವರ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದಾಗ, ಮಳೆ ಕೈಕೊಟ್ಟಾಗ, ದುಡಿಯುವ ಜೀವ ಇಲ್ಲವಾದಾಗ ಹಿರಿಯರ ಬಾಯಲ್ಲಿ ಈ ಮಾತು ಬರುತ್ತದೆ. ದಿಕ್ಕುಗೆಟ್ಟವರಿಗೆ ಧೈರ್ಯ ತುಂಬುವ ಮಾತಿದು. ಸೋಮಾರಿಗಳ ನೆಪವೆಂದು ಹೀಗಳೆಯುವುದು ಅನ್ಯಾಯ. ಆದರೂ ಗಾದೆ ಕೇಳುವುದು ಪ್ರಶ್ನೆಯನ್ನು. ಅದಕ್ಕೆ ಚರಿತ್ರೆ ಕೊಟ್ಟಿರುವ ಉತ್ತರ ಕಠೋರವಾದದ್ದು.

ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್ 1798ರಲ್ಲಿ ಗಾದೆಯ ಭರವಸೆಗೆ ತದ್ವಿರುದ್ಧವಾದ ವಾದ ಹೂಡಿದ: ಜನ ಗುಣಾಕಾರದಲ್ಲಿ ಹೆಚ್ಚುತ್ತಾರೆ, ಆಹಾರ ಸಂಕಲನದಲ್ಲಿ ಮಾತ್ರ ಹೆಚ್ಚುತ್ತದೆ, ಉಳಿದದ್ದನ್ನು ಹಸಿವು ಮತ್ತು ರೋಗ ಸರಿದೂಗಿಸುತ್ತವೆ. ಆಗ ಸುಮಾರು 100 ಕೋಟಿಯಿದ್ದ ಜಗತ್ತಿನ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು. ಆಹಾರದ ಉತ್ಪಾದನೆ ಅದಕ್ಕಿಂತ ವೇಗವಾಗಿ ಬೆಳೆಯಿತು. ಲೆಕ್ಕ ತಪ್ಪಿತು, ಆದರೆ ಅಷ್ಟರೊಳಗೆ ಆ ವಾದ ಭಾರತವನ್ನು ಆಳುವವರ ಕೈಗೆ ಸಿಕ್ಕಿತ್ತು.

1876–78ರ ಧಾತು-ಈಶ್ವರ ಬರದಲ್ಲಿ ಅದರ ಫಲ ಕಂಡಿತು. ವೈಸ್‌ರಾಯ್ ಲಿಟ್ಟನ್ ಧಾನ್ಯದ ಬೆಲೆಗೆ ಸರ್ಕಾರ ಕೈಹಾಕಬಾರದೆಂದು ಪಟ್ಟು ಹಿಡಿದ. ಇಲ್ಲಿಯ ಜನ ಬೆಳೆಗಿಂತ ಬೇಗ ಹೆಚ್ಚುತ್ತಾರೆಂಬ ಸಮಜಾಯಿಷಿಯನ್ನೂ ಕೊಟ್ಟ. ಇಂಗ್ಲೆಂಡಿಗೆ ಗೋಧಿ ಸಾಗುವುದು ನಿಲ್ಲಲಿಲ್ಲ. ರೈಲು ಬಂದ ಕಡೆಗೆ ಕಾಳು ಬರುತ್ತದೆಂಬ ನಂಬಿಕೆಯೂ ಸುಳ್ಳಾಯಿತು. ಹೆಚ್ಚು ಬೆಲೆ ಸಿಗುವ ಕಡೆಗೆ ಅದೇ ರೈಲಿನಲ್ಲಿ ಕಾಳು ಹೊರಟುಹೋಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಷ್ಟು ಜನರನ್ನು ಕೊಂದದ್ದು ಮಳೆಯ ಕೊರತೆಯೊಂದೇ ಎನ್ನಲಾಗದು. 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿದ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಇದನ್ನೇ ಸಿದ್ಧಾಂತವಾಗಿ ನಿರೂಪಿಸಿದರು: ಅಕ್ಕಿ ಇತ್ತು, ಕೂಲಿಕಾರರ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಮಾರುಕಟ್ಟೆ ಹಸಿವನ್ನು ಗುರುತಿಸುವುದಿಲ್ಲ, ದುಡ್ಡಿರುವ ಹಸಿವನ್ನು ಮಾತ್ರ ಗುರುತಿಸುತ್ತದೆ. ಈ ಕಾಲದಲ್ಲೂ ಅಷ್ಟೇ: 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ವಿಶ್ವಸಂಸ್ಥೆಯ ಅಂದಾಜಿನಂತೆ 105 ಕೋಟಿ ಟನ್.

ಗಾದೆಯ ಮೊದಲರ್ಧದಲ್ಲಿ ಇನ್ನೊಂದು ತೊಡಕಿದೆ. ಹುಟ್ಟಿಸುವುದು ದೇವರ ಕೆಲಸವಾದರೆ ಹೆರುವವಳ ಇಷ್ಟಕ್ಕೆ ಜಾಗವಿಲ್ಲ. ಮೈಸೂರು ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಒಪ್ಪಿಗೆ ಕೊಟ್ಟು ಈ ವಿಷಯದಲ್ಲಿ ಬಹಳ ಮುಂದಿತ್ತು. ತುರ್ತು ಪರಿಸ್ಥಿತಿ ಆ ದಾರಿಯನ್ನು ಕೆಡಿಸಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸುವ ಆತುರದಲ್ಲಿ ಬಡವರನ್ನು ಹಿಡಿದೆಳೆದು ತರಲಾಯಿತು. ಅತ್ತ ಕೇರಳದಲ್ಲಿ ಹುಡುಗಿಯರು ಶಾಲೆಗೆ ಹೋದರು, ಹುಟ್ಟಿದ ಮಕ್ಕಳು ಬದುಕಿ ಉಳಿದರು, ಬಲವಂತವಿಲ್ಲದೆ ಜನನ ಪ್ರಮಾಣ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಜನ ಹೆಚ್ಚಾದರೆಂಬ ಭಯವನ್ನು ಇನ್ನೂ ಬಡವರ ಬಸಿರಿನ ಮೇಲೆ ಹೊರಿಸುವವರು ಈ ಅಂಕಿಗಳನ್ನು ನೋಡಬೇಕು. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಅರ್ಧದಷ್ಟು ಅತಿ ಶ್ರೀಮಂತರಾದ ಶೇ. 10 ಮಂದಿಯ ಬಳಕೆಯಿಂದ ಬರುತ್ತದೆ; ಅವರ ಮನೆಗಳಲ್ಲಿ ಮಕ್ಕಳು ಕಡಿಮೆ.

ಹಾಗಾದರೆ ಗಾದೆಯ ಭರವಸೆಯನ್ನು ಉಳಿಸಿಕೊಡುವವರು ಯಾರು? ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನಿಟ್ಟರು. ದುಡಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಸಮಾಜಕ್ಕೆ ಸಲ್ಲಿಸುವ ಈ ನಿಯಮದಲ್ಲಿ ಕೊಡುವವನು ದೊಡ್ಡವನಲ್ಲ, ಪಡೆಯುವವನು ಭಿಕ್ಷುಕನಲ್ಲ. ಕೂಡಿಡುವುದನ್ನೇ ಗುಣವೆಂದು ಎಣಿಸುವ ಬಂಡವಾಳಶಾಹಿಗೆ ಇದಕ್ಕಿಂತ ಗಟ್ಟಿಯಾದ ಎದುರುತ್ತರ ಕನ್ನಡದ ನೆಲದಲ್ಲಿ ಬೇರೊಂದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅನ್ನವನ್ನು ಹಕ್ಕೆಂದು ಒಪ್ಪಿ, ಹಳ್ಳಿಗಳ ಶೇ. 75, ಪಟ್ಟಣಗಳ ಶೇ. 50ರವರೆಗಿನ ಜನರಿಗೆ ಪಡಿತರದ ಹೊಣೆಯನ್ನು ಸರ್ಕಾರದ ಮೇಲಿಟ್ಟಿತು. ಅದು ಗಾದೆಯ ಉತ್ತರಕ್ಕೆ ಹತ್ತಿರ ಬಂದ ಹೆಜ್ಜೆ. ಆದರೆ ಫಲಾನುಭವಿಗಳ ಮಿತಿಯನ್ನು ಗೊತ್ತುಮಾಡಿದ್ದು 2011ರ ಜನಗಣತಿಯ ಮೇಲೆ. ಆಮೇಲೆ ಹೆಚ್ಚಿದ ಜನ ಆ ಲೆಕ್ಕದೊಳಗೆ ಬಂದಿಲ್ಲ.